ದೀಪಾವಳಿ ಹೊತ್ತಿಗೆ ಲೈಲಾಕ್ ಗಿಡಕ್ಕೆ ಕತ್ತರಿ ಹಾಕಬೇಡಿ

ಲೈಲಾಕ್ ಅಂದರೆ ವಸಂತದಲ್ಲಿ ಗೊಂಚಲು ಗೊಂಚಲಾಗಿ ಪರಿಮಳದ ಹೂ ಬಿಡುವ ಪೊದೆ ಗಿಡ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಸುತ್ತಮುತ್ತ ಇರುವ ನಮ್ಮ ಕನ್ನಡದವರ ಮನೆಗಳಿಗೆ ಹೋದಾಗ ಒಂದು ದೂರು ಪದೇ ಪದೇ ಕೇಳುತ್ತೇನೆ. ಲೈಲಾಕ್ ಗಿಡ ಚೆನ್ನಾಗಿದೆ, ಎಲೆ ಹಸಿರಾಗಿದೆ, ಎತ್ತರಕ್ಕೆ ಬೆಳೆದಿದೆ, ಹೂ ಮಾತ್ರ ಬಿಡಲ್ಲ ಅಂತ. ಯಾವಾಗ ಕತ್ತರಿಸಿದ್ರಿ ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. ಅಕ್ಟೋಬರ್‌ನಲ್ಲಿ, ಇಲ್ಲ ಅಂದ್ರೆ ನವೆಂಬರ್‌ನಲ್ಲಿ. ದೀಪಾವಳಿಗೆ ಮನೆ ಒಳಗೆ ಹೊರಗೆ ಚೊಕ್ಕಟ ಮಾಡುವಾಗ, ಹಿಮ ಬೀಳುವ ಮುಂಚೆ ಹಿತ್ತಲನ್ನೂ ಒಂದು ಸಲ ಸರಿ ಮಾಡಿಬಿಡೋಣ ಅಂತ, ಉಳಿದ ಗಿಡಗಳ ಜೊತೆ ಇದನ್ನೂ ಒಂದೇ ಎತ್ತರಕ್ಕೆ ಸವರಿಬಿಟ್ಟಿರುತ್ತಾರೆ. ಅಲ್ಲಿಗೆ ಮುಂದಿನ ಮೇ ತಿಂಗಳ ಹೂವೆಲ್ಲ ಕಸದ ಚೀಲಕ್ಕೆ ಹೋದ ಹಾಗೆ.

ಹೀಗೆ ಆಗುವುದಕ್ಕೆ ಕಾರಣ ಇದೆ. ನಮ್ಮ ಕೈಗೆ ಅಭ್ಯಾಸ ಆಗಿರುವುದು ಮಲ್ಲಿಗೆ. ಊರಲ್ಲಿ ಮಲ್ಲಿಗೆ ಬೆಳೆಯುವವರು ಚಳಿಗಾಲದಲ್ಲೇ ಚಾಟನಿ ಮಾಡುತ್ತಾರೆ. ಗಿಡ ಸವರಿ, ಬುಡ ಬಿಡಿಸಿ, ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಹೊಸ ಚಿಗುರು ಬರುತ್ತದೆ, ಆ ಹೊಸ ಚಿಗುರಿನಲ್ಲೇ ಮೊಗ್ಗು ಕಾಣುತ್ತದೆ, ಬೇಸಿಗೆ ಶುರುವಾಗುವಾಗ ಹೂ. ಲೈಲಾಕ್ ಕೂಡ ಮಲ್ಲಿಗೆಯ ಬಳಗದ್ದೇ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮಲ್ಲಿಗೆ, ಪಾರಿಜಾತ, ಆಲಿವ್, ಲೈಲಾಕ್ ಎಲ್ಲವೂ ಒಲಿಯೇಸಿಯೇ ಅನ್ನುವ ಒಂದೇ ಕುಟುಂಬ. ಆದರೆ ಲೈಲಾಕಿನ ರೀತಿ ಪೂರಾ ಉಲ್ಟಾ. ಅದು ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯ ತುದಿಯಲ್ಲಿ. ಮೇನಲ್ಲಿ ಹೂ ಮುಗಿದ ಕೂಡಲೇ ಹೊಸ ಚಿಗುರು ಹೊರಡುತ್ತದೆ, ಬೇಸಿಗೆಯಲ್ಲೇ ಅದರ ತುದಿಯಲ್ಲಿ ಮುಂದಿನ ವರ್ಷದ ಮೊಗ್ಗು ಕೂತುಬಿಡುತ್ತದೆ, ಇಡೀ ಚಳಿಗಾಲ ಆ ಮೊಗ್ಗು ಹಿಮದ ನಡುವೆ ಹಾಗೇ ಇರುತ್ತದೆ. ನಂಬಿಕೆ ಬರದಿದ್ದರೆ ಜನವರಿಯಲ್ಲಿ ಹೊರಗೆ ಹೋಗಿ ಕಡ್ಡಿಯ ತುದಿ ನೋಡಿ. ಜೋಡಿಯಾಗಿ, ದಪ್ಪಗೆ, ಉಬ್ಬಿಕೊಂಡಿರುವುದು ಹೂವಿನ ಮೊಗ್ಗು. ಸಣ್ಣದಾಗಿ ಚೂಪಾಗಿರುವುದು ಎಲೆಯದು.

ಹಾಗಾಗಿ ಕತ್ತರಿ ಹಾಕುವ ಕಾಲ ಒಂದೇ, ಹೂ ಬಾಡಿದ ಮೇಲಿನ ಎರಡು ಮೂರು ವಾರ. ನಮ್ಮ ಕಡೆ ಅಂದರೆ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ. ಜುಲೈ ಬಂತು ಅಂದರೆ ಕತ್ತರಿ ಒಳಗಿಡಿ. ಒಣಗಿದ ಕೊಂಬೆ, ಮುರಿದ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಬಾಡಿದ ಹೂಗೊಂಚಲನ್ನು ಅದರ ಕೆಳಗಿನ ಮೊದಲ ಜೋಡಿ ಎಲೆಯ ಮೇಲಕ್ಕೆ ಕತ್ತರಿಸಿ. ಅದಕ್ಕಿಂತ ಕೆಳಗೆ ಇಳಿದರೆ ಅಲ್ಲಿಂದ ಹೊರಡಬೇಕಾದ ಚಿಗುರೇ ಹೋಗುತ್ತದೆ. ಗಿಡ ದೊಡ್ಡದಾಗಿ, ಕೈಗೆ ಎಟುಕದ ಗೊಂಚಲುಗಳಿದ್ದರೆ ಸುಮ್ನೆ ಬಿಟ್ಟುಬಿಡಿ, ಏನೂ ಆಗಲ್ಲ.

ಹಳೇ ಮನೆ ಕೊಂಡವರಿಗೆ ಬೇರೆ ಥರದ ಸಮಸ್ಯೆ ಇರುತ್ತದೆ. ಗಿಡ 15 ಅಡಿ ಎತ್ತರ, ಬುಡದಲ್ಲಿ ಬರೀ ಬೋಳು ಕಾಂಡ, ಹೂವೆಲ್ಲ ಮಹಡಿ ಕಿಟಕಿಯ ಹತ್ತಿರ. ಮೂಗಿಗೂ ಸಿಗಲ್ಲ, ಕೈಗೂ ಸಿಗಲ್ಲ. ಇಂಥ ಗಿಡ ಕಂಡರೆ ಕಿತ್ತು ಹಾಕಬೇಡಿ, ದಯವಿಟ್ಟು. ಲೈಲಾಕ್ ನೂರು ವರ್ಷ ದಾಟಿ ಬದುಕುವ ಗಿಡ. ಅಮೆರಿಕದ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡ್ ಕಡೆ ಕಾಡಿನೊಳಗೆ ನಡೆಯುವಾಗ ಎಲ್ಲೋ ಒಂದು ಲೈಲಾಕ್ ಪೊದೆ ಕಂಡರೆ ಅಲ್ಲಿ ಹಿಂದೆ ಯಾರದೋ ಮನೆ ಇತ್ತು ಅಂತ ಅರ್ಥ. ಹುಡುಕಿದರೆ ಪಕ್ಕದಲ್ಲೇ ನೆಲಮಾಳಿಗೆಯ ಕಲ್ಲು ಸಿಗುತ್ತದೆ. ಮನೆ ಬಿದ್ದುಹೋಗಿ, ಹೊಲ ಮತ್ತೆ ಕಾಡಾದರೂ ಗಿಡ ಉಳಿದಿರುತ್ತದೆ. ಅಷ್ಟು ಗಟ್ಟಿ ಬೇರಿರುವ ಗಿಡವನ್ನು ಮತ್ತೆ ಎಳೆಯದು ಮಾಡುವುದು ಕಷ್ಟ ಅಲ್ಲ, ಆದರೆ ಮೂರು ವರ್ಷ ತಾಳ್ಮೆ ಬೇಕು. ಮೊದಲ ವರ್ಷ ಹೂ ಮುಗಿದ ಮೇಲೆ ಅತಿ ಹಳೆಯ, ಅತಿ ದಪ್ಪದ ಕಾಂಡಗಳಲ್ಲಿ ಮೂರನೇ ಒಂದು ಭಾಗವನ್ನು ನೆಲಮಟ್ಟಕ್ಕೆ ಗರಗಸದಿಂದ ಕೊಯ್ಯಿರಿ. ಬೆಳಕು ಬುಡಕ್ಕೆ ಬಿದ್ದ ಕೂಡಲೇ ಬೇರಿನಿಂದ ಹೊಸ ಮರಿಗಳು ಏಳುತ್ತವೆ. ಅವುಗಳಲ್ಲಿ ಗಟ್ಟಿಯಾಗಿ, ಒಂದಕ್ಕೊಂದು ದೂರ ಇರುವ ಕೆಲವನ್ನು ಉಳಿಸಿಕೊಂಡು ಉಳಿದವನ್ನು ತೆಗೆಯಿರಿ. ಎರಡನೇ ವರ್ಷ ಉಳಿದ ಹಳೇ ಕಾಂಡಗಳಲ್ಲಿ ಅರ್ಧ, ಮೂರನೇ ವರ್ಷ ಪೂರ್ತಿ. ಈ ಮೂರೂ ವರ್ಷ ಒಂದಷ್ಟಾದರೂ ಹೂ ಇದ್ದೇ ಇರುತ್ತದೆ, ಅದೇ ಈ ದಾರಿಯ ಲಾಭ. ಒಂದೇ ಸಲ ಎಲ್ಲವನ್ನೂ ನೆಲಸಮ ಮಾಡುವವರೂ ಇದ್ದಾರೆ. ಗಿಡ ಬದುಕುತ್ತದೆ, ಆದರೆ ಮತ್ತೆ ಹೂ ನೋಡಲು ಕೆಲವು ವರ್ಷ ಕಾಯಬೇಕು. ನನಗಂತೂ ಅದು ಇಷ್ಟವಿಲ್ಲ.

ಕತ್ತರಿಯ ವಿಷಯ ಸರಿಯಿದ್ದೂ ಹೂ ಬರುತ್ತಿಲ್ಲ ಅಂದರೆ ಮೊದಲು ಬಿಸಿಲು ನೋಡಿ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕೇ ಬೇಕು. ನೆಟ್ಟಾಗ ಬಿಸಿಲಿದ್ದ ಜಾಗ, ಪಕ್ಕದ ಮೇಪಲ್ ಮರ ಬೆಳೆದು ಈಗ ನೆರಳಾಗಿರಬಹುದು. ಆಮೇಲೆ ಹುಲ್ಲುಹಾಸಿಗೆ ಹಾಕುವ ಗೊಬ್ಬರ. ಅದರಲ್ಲಿ ಸಾರಜನಕ ಜಾಸ್ತಿ, ಲಾನ್ ಪಕ್ಕದಲ್ಲೇ ಇರುವ ಲೈಲಾಕ್ ಅದನ್ನು ಹೀರಿಕೊಂಡು ಬರೀ ಎಲೆ ಮಾಡುತ್ತದೆ. ಲೈಲಾಕಿಗೆ ಗೊಬ್ಬರವೇ ಅಷ್ಟಾಗಿ ಬೇಡ. ವಸಂತದಲ್ಲಿ ಬುಡಕ್ಕೆ ಒಂದು ಪದರ ಕಾಂಪೋಸ್ಟ್ ಹರಡಿದರೆ ಸಾಕು. ಮೂರನೆಯದು ವಯಸ್ಸು. ನರ್ಸರಿಯಿಂದ ತಂದ ಸಣ್ಣ ಗಿಡ ಮೂರು ನಾಲ್ಕು ವರ್ಷ ಹೂ ಬಿಡದೆ ಇರುವುದು ಮಾಮೂಲು, ಅದಕ್ಕೆ ಗಾಬರಿ ಬೇಡ.

ಮಣ್ಣಿನ ಬಗ್ಗೆ ಹೇಳುವುದಾದರೆ ನೀರು ನಿಲ್ಲಬಾರದು, ಇದು ಮುಖ್ಯ. ಒದ್ದೆ ಬುಡ ಇದಕ್ಕೆ ಆಗಿಬರಲ್ಲ. ಮಣ್ಣಿನ ಹುಳಿ ಎಷ್ಟು ಅಂತ ಅಳೆಯುವ ಪಿಎಚ್ 6.5 ರಿಂದ 7 ಇದ್ದರೆ ಚೆಂದ, ಸ್ವಲ್ಪ ಸುಣ್ಣದ ಕಡೆ ವಾಲಿದರೂ ಪರವಾಗಿಲ್ಲ. ಬ್ಲೂಬೆರಿ, ಅಜೇಲಿಯಾ ಹುಳಿ ಮಣ್ಣು ಕೇಳುವ ಗಿಡಗಳು, ಅವುಗಳ ಪಕ್ಕ ಇದನ್ನು ನೆಡಬೇಡಿ, ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಸುರಿಯುವುದೂ ಬೇಡ. ನೆಡುವಾಗ ಕುಂಡದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳ. ಗೋಡೆಯಿಂದ, ಪಕ್ಕದ ಗಿಡದಿಂದ 6 ರಿಂದ 8 ಅಡಿ ಜಾಗ ಬಿಡಿ, ಈಗ ಖಾಲಿ ಖಾಲಿ ಅನ್ನಿಸಿದರೂ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಬೇರಿಗೆ ಇಳಿಯುವ ಹಾಗೆ ನೀರು ಕೊಡಿ, ಆಮೇಲೆ ಅದೇ ನೋಡಿಕೊಳ್ಳುತ್ತದೆ.

ರೋಗದ ಭಯ ಅನೇಕರಿಗಿದೆ. ಆಗಸ್ಟ್ ಬಂದರೆ ಎಲೆ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಪುಡಿ ಕಾಣುತ್ತದೆ. ಅದು ಬೂದಿ ರೋಗ. ನೋಡಲು ಚೆನ್ನಾಗಿರಲ್ಲ ಅಷ್ಟೇ, ಗಿಡ ಸಾಯಲ್ಲ, ಮುಂದಿನ ವರ್ಷದ ಹೂವಿಗೂ ಅಂಥ ತೊಂದರೆ ಇಲ್ಲ. ಔಷಧಿ ಹೊಡೆಯಲು ಹೋಗಬೇಡಿ. ಒಳಗೆ ಗಾಳಿ ಆಡುವ ಹಾಗೆ ಕಾಂಡ ತೆಳು ಮಾಡಿದರೆ ತಾನೇ ಕಡಿಮೆಯಾಗುತ್ತದೆ. ಮಳೆ ಜಾಸ್ತಿಯಾದ ವರ್ಷ ಎಲೆ ಕಂದಾಗಿ ಬೇಗ ಉದುರುವುದೂ ಉಂಟು. ಆಗ ಬಿದ್ದ ಎಲೆಯನ್ನೆಲ್ಲ ಗುಡಿಸಿ ತೆಗೆದುಹಾಕಿ, ಅದರಲ್ಲೇ ರೋಗ ಉಳಿದುಕೊಂಡು ಮತ್ತೆ ಹತ್ತುತ್ತದೆ. ಹೀಗೆ ಎಲೆ ಕಳೆದುಕೊಂಡ ಗಿಡ ಕೆಲವು ಸಲ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ಲೊಂದು ಇಲ್ಲೊಂದು ಹೂ ಬಿಡುತ್ತದೆ. ನೋಡಿದವರು ಖುಷಿಪಡುತ್ತಾರೆ, ಆದರೆ ಅದು ಗಿಡಕ್ಕೆ ಕಷ್ಟವಾಗಿರುವ ಗುರುತು. ಅರಳಿದ ಆ ಮೊಗ್ಗು ಮುಂದಿನ ವಸಂತದ್ದು.

ನಿಜವಾಗಿ ಕಣ್ಣಿಡಬೇಕಾದದ್ದು ಕಾಂಡ ಕೊರಕದ ಮೇಲೆ. ಕಣಜದಂತೆ ಕಾಣುವ ಒಂದು ಪತಂಗ ಕಾಂಡದ ಮೇಲೆ ಮೊಟ್ಟೆ ಇಡುತ್ತದೆ, ಮರಿಹುಳು ಒಳಗೆ ಕೊರೆಯುತ್ತದೆ. ಕಾಂಡದಲ್ಲಿ ತೂತು, ಅದರ ಕೆಳಗೆ ಮರದ ಹೊಟ್ಟು, ಬೇಸಿಗೆ ನಡುವೆ ಒಂದೇ ಕೊಂಬೆ ಇದ್ದಕ್ಕಿದ್ದಂತೆ ಸೊರಗುವುದು, ಇವೇ ಲಕ್ಷಣ. ಆ ಕಾಂಡವನ್ನು ಬುಡಕ್ಕೆ ಕೊಯ್ದು ತೋಟದಿಂದ ಆಚೆ ಸಾಗಿಸಿ. ಹುಳು ಹೆಚ್ಚಾಗಿ ಹಿಡಿಯುವುದು ಹಳೇ ದಪ್ಪ ಕಾಂಡವನ್ನೇ, ಆದ್ದರಿಂದ ಮೇಲೆ ಹೇಳಿದ ಹಾಗೆ ಹಳೆಯದನ್ನು ತೆಗೆಯುತ್ತಾ ಇದ್ದರೆ ಇದರ ಕಾಟವೂ ಕಡಿಮೆ.

ಯಾವ ತಳಿ ಅಂತ ಕೇಳುವವರಿಗೆ ನಾನು ಹೇಳುವುದು, ಕ್ಯಾಟಲಾಗ್ ನೋಡಿ ತರಿಸಬೇಡಿ, ಮೇ ತಿಂಗಳಲ್ಲಿ ರಾಚೆಸ್ಟರಿನ ಹೈಲ್ಯಾಂಡ್ ಪಾರ್ಕಿಗೆ ಬನ್ನಿ. ಆ ಪಾರ್ಕಿನ ವಿನ್ಯಾಸ ಹೆಸರಾಂತ ಉದ್ಯಾನ ವಿನ್ಯಾಸಕ ಫ್ರೆಡೆರಿಕ್ ಲಾ ಓಲ್ಮ್‌ಸ್ಟೆಡ್ ಅವರದ್ದು. 1892ರಲ್ಲಿ ತೋಟಗಾರಿಕೆ ತಜ್ಞ ಜಾನ್ ಡನ್‌ಬಾರ್ ಅಲ್ಲಿ 20 ತಳಿಗಳಿಂದ ಲೈಲಾಕ್ ನೆಡಲು ಶುರು ಮಾಡಿದರು. ಈಗ 500ಕ್ಕೂ ಹೆಚ್ಚು ತಳಿ, 1200ಕ್ಕೂ ಹೆಚ್ಚು ಗಿಡಗಳಿವೆ. ಪ್ರತಿ ಮೇನಲ್ಲಿ ನಡೆಯುವ ಲೈಲಾಕ್ ಹಬ್ಬದ ದಿನ ಜನ ಕಿಕ್ಕಿರಿದಿರುತ್ತಾರೆ, ಅದಕ್ಕೆ ಬೆಳಗ್ಗೆ ಬೇಗ ಹೋಗಿ. ಒಂದೊಂದು ಗಿಡಕ್ಕೂ ಮೂಗು ಹಿಡಿದು ನೋಡಿದರೆ ಗೊತ್ತಾಗುತ್ತದೆ, ಪರಿಮಳ ಎಲ್ಲದರದ್ದೂ ಒಂದೇ ಅಲ್ಲ. ಬಿಸಿಲು ಸ್ವಲ್ಪ ಏರಿ ಗಾಳಿ ಬೆಚ್ಚಗಾದಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಡನ್‌ಬಾರ್ ಅವರೇ ಬೆಳೆಸಿದ 'ಪ್ರೆಸಿಡೆಂಟ್ ಲಿಂಕನ್' ನೀಲಿ ಕಡೆಗಿರುವ ಬಣ್ಣ. 'ಸೆನ್ಸೇಶನ್' ನೇರಳೆ ಎಸಳಿಗೆ ಬಿಳಿ ಅಂಚು. ರಷ್ಯಾದ ಕೋಲೆಸ್ನಿಕೊವ್ ಬೆಳೆಸಿದ 'ಬ್ಯೂಟಿ ಆಫ್ ಮಾಸ್ಕೋ' ಮೊಗ್ಗಿನಲ್ಲಿ ತಿಳಿ ಗುಲಾಬಿ, ಅರಳಿದ ಮೇಲೆ ಬಿಳಿ, ಎಸಳು ಸುತ್ತು ಸುತ್ತು. ಒಂದೇ ಗಿಡಕ್ಕೆ ಜಾಗ ಇದ್ದರೆ ನಾನು ಇದನ್ನೇ ಹೇಳುತ್ತೇನೆ.

ಸುತ್ತು ಸುತ್ತು ಎಸಳಿನ ಲೈಲಾಕ್ ಅಂದಾಗ ನನಗೆ ನೆನಪಾಗುವುದು ಮೇರಿ ಲೂಯಿಸ್ ಲೆಮೊಯ್ನ್. ಫ್ರಾನ್ಸಿನ ನಾನ್ಸಿ ಊರಿನಲ್ಲಿ 1870ರಲ್ಲಿ, ಫ್ರಾನ್ಸ್-ಪ್ರಷ್ಯಾ ಯುದ್ಧದ ಕಾಲದಲ್ಲಿ, ಅವರ ಗಂಡ ವಿಕ್ಟರ್ ಲೆಮೊಯ್ನ್ ಲೈಲಾಕ್ ತಳಿ ಬೆರೆಸುವ ಕೆಲಸ ಶುರು ಮಾಡಿದರು. ವಿಕ್ಟರ್ ಅವರಿಗೆ ಕಣ್ಣು ಮಂದ, ಕೈ ನಡುಗುತ್ತಿತ್ತು. ಏಣಿ ಹತ್ತಿ, ಆ ಪುಟ್ಟ ಪುಟ್ಟ ಹೂವಿಗೆ ಒಂದೊಂದಾಗಿ ಪರಾಗ ಮುಟ್ಟಿಸಿದವರು ಮೇರಿ ಲೂಯಿಸ್. ಆ ನರ್ಸರಿಯಿಂದ ನೂರಕ್ಕೂ ಹೆಚ್ಚು ತಳಿಗಳು ಬಂದವು, ಅವುಗಳಲ್ಲಿ ಹಲವನ್ನು ಇವತ್ತಿಗೂ ಮಾರುತ್ತಾರೆ. 1890ರ ಬಿಳಿ ತಳಿಗೆ 'ಮದಾಮ್ ಲೆಮೊಯ್ನ್' ಅಂತಲೇ ಹೆಸರು. ಕೊಳ್ಳುವಾಗ ಈ ಹೆಸರು ಕಂಡರೆ ಆ ಹೆಂಗಸಿನ ಕೈಯನ್ನು ಒಮ್ಮೆ ನೆನೆಯಿರಿ.

ಚಿಕ್ಕ ಹಿತ್ತಲಿದ್ದರೆ 'ಮಿಸ್ ಕಿಮ್' ನೋಡಿ. 1947ರಲ್ಲಿ ಅಮೆರಿಕದ ಸಸ್ಯತಳಿ ತಜ್ಞ ಎಲ್ವಿನ್ ಮೀಡರ್ ಕೊರಿಯಾದಲ್ಲಿ ಸಂಗ್ರಹಿಸಿದ ಬೀಜದಿಂದ ಬಂದದ್ದು. ಗಿಡ ಕುಳ್ಳು, ಬೂದಿ ರೋಗ ಅಷ್ಟಾಗಿ ಹತ್ತಲ್ಲ, ಉಳಿದವು ಮುಗಿಯುವ ಹೊತ್ತಿಗೆ ಅರಳುತ್ತದೆ. ವರ್ಷಕ್ಕೆ ಎರಡು ಸಲ ಹೂ ಬಿಡುವ ಹೊಸ ತಳಿಗಳೂ ಇವೆ. ಆದರೆ ಹಳೇ ಲೈಲಾಕಿನ ಆ ಗಾಢ ಪರಿಮಳ ಅವುಗಳಲ್ಲಿ ನನಗೆ ಸಿಕ್ಕಿಲ್ಲ.

ಹೂ ಒಳಗೆ ತರುವವರಿಗೆ ಒಂದು ಮಾತು. ಮೊಗ್ಗಿನಲ್ಲೇ ಕತ್ತರಿಸಿದರೆ ಹೂದಾನಿಯಲ್ಲಿ ಅರಳಲ್ಲ. ಗೊಂಚಲು ಮುಕ್ಕಾಲು ಪಾಲು ಅರಳಿದಾಗ, ತಂಪು ಹೊತ್ತಿನಲ್ಲಿ ಕತ್ತರಿಸಿ, ಎಲೆಯನ್ನೆಲ್ಲ ತೆಗೆದು, ಕೂಡಲೇ ಆಳದ ನೀರಿನಲ್ಲಿಡಿ. ದೇವರಿಗೂ ಏರಿಸಬಹುದು. ಬಿಡಿ ಹೂವಿಗೆ ಪಾರಿಜಾತದ ಹಾಗೆ ಸಣ್ಣ ಕೊಳವೆ ಇರುವುದರಿಂದ ಸೂಜಿಯಲ್ಲಿ ಪೋಣಿಸಲು ಬರುತ್ತದೆ, ಆದರೆ ಬೇಗ ಬಾಡುತ್ತದೆ, ಪೂಜೆಗೆ ಸ್ವಲ್ಪ ಮುಂಚೆ ಕೂತು ಮಾಡಿ.

ಇಲ್ಲಿನ ರೈತರಿಗೆ ಇದು ಹೂವಷ್ಟೇ ಅಲ್ಲ, ಪಂಚಾಂಗ ಕೂಡ. ಲೈಲಾಕ್ ಎಲೆ ಒಡೆದಾಗ ಬಟಾಣಿ, ಸೊಪ್ಪು ಬಿತ್ತು, ಪೂರ್ತಿ ಅರಳಿದಾಗ ಸೌತೆ, ಕುಂಬಳ ಹಾಕು ಅಂತ ಹಳಬರ ಲೆಕ್ಕ. ನಮ್ಮಲ್ಲಿ ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವುದಿಲ್ಲವಾ, ಹಾಗೇ. ವಿಜ್ಞಾನಿಗಳೂ ಈ ಗಿಡವನ್ನು ನೆಚ್ಚಿಕೊಂಡಿದ್ದಾರೆ. 1950ರ ದಶಕದಲ್ಲಿ ಮೊಂಟಾನಾದ ಜೋಸೆಫ್ ಕ್ಯಾಪ್ರಿಯೊ ಲೈಲಾಕ್ ಯಾವಾಗ ಎಲೆ ಒಡೆಯಿತು, ಯಾವಾಗ ಅರಳಿತು ಅಂತ ಊರೂರಿನ ಜನರಿಂದ ಬರೆಸಿಕೊಳ್ಳಲು ಶುರು ಮಾಡಿದರು. ವಸಂತ ಎಷ್ಟು ಬೇಗ ಬರುತ್ತಿದೆ ಅಂತ ತಿಳಿಯಲು ಇಂಥ ದಾಖಲೆಗಳೇ ಆಧಾರ. ನೀವೂ ನಿಮ್ಮ ಗಿಡದ ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಡಿ, ಕೆಲವು ವರ್ಷ ಆದ ಮೇಲೆ ತಿರುಗಿ ನೋಡಿದರೆ ತುಂಬಾ ವಿಷಯ ಹೇಳುತ್ತದೆ.

ಬೆಂಗಳೂರು, ಮೈಸೂರಿನಿಂದ ಕೇಳುವವರಿಗೆ ನೇರವಾಗಿ ಹೇಳಿಬಿಡುತ್ತೇನೆ, ಅಲ್ಲಿ ಇದು ಬರಲ್ಲ. ಮೊಗ್ಗು ಎಚ್ಚರವಾಗಲು ವಾರಗಟ್ಟಲೆ ಗಟ್ಟಿ ಚಳಿ ಬೇಕು, ಕೊಡಗಿನ ಚಳಿಯೂ ಸಾಲದು. ಭಾರತದಲ್ಲಿ ಲೈಲಾಕಿನ ಒಂದು ಜಾತಿ ಹಿಮಾಲಯದಲ್ಲಿ, ಕಾಶ್ಮೀರ, ಹಿಮಾಚಲದ ಎತ್ತರದಲ್ಲಿ ತಾನಾಗಿ ಬೆಳೆಯುತ್ತದೆ. ಆನ್‌ಲೈನ್‌ನಲ್ಲಿ ಲೈಲಾಕ್ ಬೀಜ ಅಂತ ಮಾರುವುದನ್ನು ತರಿಸಿ ದುಡ್ಡು ಕಳೆಯಬೇಡಿ. ಹಿತ್ತಲಲ್ಲಿ ಜಾಗ ಇದ್ದರೆ ಒಂದು ಪಾರಿಜಾತ ನೆಡಿ, ಅದೇ ಬಳಗ, ಪರಿಮಳಕ್ಕೂ ಕೊರತೆಯಿಲ್ಲ.

ಇನ್ನು ರಾಚೆಸ್ಟರ್, ಬಫಲೊ, ಸಿರಾಕ್ಯೂಸ್ ಕಡೆ ಇರುವವರು ದುಡ್ಡು ಕೊಟ್ಟು ತರುವ ಮುಂಚೆ ನನ್ನನ್ನು ಕೇಳಿ. ನಮ್ಮ ಹಳೇ ನೇರಳೆ ಗಿಡದ ಬುಡದಲ್ಲಿ ಪ್ರತಿ ವರ್ಷ ಮರಿ ಏಳುತ್ತವೆ. ಅದು ಕಸಿ ಮಾಡಿದ ಗಿಡವಲ್ಲ, ಸ್ವಂತ ಬೇರಿನದು, ಹಾಗಾಗಿ ಮರಿಯೂ ತಾಯಿಯ ಹಾಗೇ ಹೂ ಬಿಡುತ್ತದೆ. ಏಪ್ರಿಲ್‌ನಲ್ಲಿ ಮಣ್ಣು ಸಡಿಲವಾದ ಕೂಡಲೇ, ಎಲೆ ಒಡೆಯುವ ಮುಂಚೆ ಬೇರು ಸಮೇತ ತೆಗೆದುಕೊಡುತ್ತೇನೆ. ಒಂದು ಬಕೆಟ್, ಸ್ವಲ್ಪ ಒದ್ದೆ ಗೋಣಿ ತನ್ನಿ, ಅವತ್ತೇ ನೆಟ್ಟುಬಿಡಿ.