ಮೊದಲ ಸಂದೇಶ ಕಳಿಸಿದೆ

12 ಜುಲೈ 2025, ಶನಿವಾರ
ಡೊಂಬಿವಲಿ

ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಎರಡನೇ ವರ್ಷ ಶುರುವಾಗಿದೆ. ಕ್ಯಾಂಪಸ್‌ಗೆ ಯಾವ ಕಂಪನಿ ಬರುತ್ತೋ ಅಂತ ಕಾಯುತ್ತಾ ಕೂರೋದು ನನಗೆ ಇಷ್ಟವಿಲ್ಲ. ಕೆಳಗಿನ ಮಹಡಿಯ ಅಕ್ಕ ಅಂಧೇರಿಯ ಒಂದು ಕಂಪನಿಯಲ್ಲಿ ಎಚ್‌ಆರ್. "ಶನಿವಾರ ಬಾ, ಲಿಂಕ್ಡ್‌ಇನ್ ಸರಿಯಾಗಿ ಕಲಿಸ್ತೀನಿ" ಅಂದಿದ್ದಳು. ಕೆಲಸ ಮತ್ತು ವೃತ್ತಿಯ ಪರಿಚಯಗಳಿಗೆಂದೇ ಇರುವ ಜಾಲತಾಣ ಅದು. ಮಧ್ಯಾಹ್ನ ಊಟ ಮುಗಿಸಿ ಲ್ಯಾಪ್‌ಟಾಪ್ ಹಿಡಿದು ಹೋದೆ.

ಪ್ರೊಫೈಲಿನಲ್ಲಿ ಹೆಸರಿನ ಕೆಳಗೆ ಒಂದು ಸಾಲು ಬರುತ್ತದಲ್ಲ, ಅದರಿಂದ ಶುರು ಮಾಡಿಸಿದಳು. ಅಲ್ಲಿ 220 ಅಕ್ಷರಗಳಿಗೆ ಜಾಗವಿದೆ. ಕೆಲಸಕ್ಕೆ ಜನ ಹುಡುಕುವವರು ಅಂಕಿಅಂಶದ ಕೆಲಸಕ್ಕೆ ಬಳಸುವ ಕಂಪ್ಯೂಟರ್ ಭಾಷೆಗಳ ಹೆಸರನ್ನು, ಅಂದರೆ ಆರ್, ಪೈಥಾನ್, ಎಸ್‌ಕ್ಯೂಎಲ್ ಅಂತ ಟೈಪ್ ಮಾಡಿ ಹುಡುಕುತ್ತಾರಂತೆ. ಹಾಗಾಗಿ ನನಗೆ ಬರುವುದನ್ನೆಲ್ಲ ಅಲ್ಲೇ ಬರೆದೆವು. "ನೀನು ಮಾಡಿದ ಒಂದು ಕೆಲಸ ತೋರಿಸು, ಹತ್ತು ಗುಣ ಹೇಳ್ಬೇಡ" ಅಂದಳು. ನನ್ನ ಪ್ರಾಜೆಕ್ಟ್ ಮುಂಬಯಿ ಮಳೆಯ ಮೇಲೆ. ಕೊಲಾಬಾ ಮತ್ತು ಸಾಂತಾಕ್ರೂಜ್, ಈ ಎರಡು ಹವಾಮಾನ ಕೇಂದ್ರಗಳ ಅಂಕಿಗಳನ್ನು ಹೋಲಿಸುತ್ತಿದ್ದೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ನೂರು ಮಿ.ಮೀ. ಕೂಡ ಆಗಲಿಲ್ಲ. ಒಂದೇ ಊರು, ಒಂದೇ ದಿನ! ಈ ಅಂಕಿ ನೋಡಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಅದರ ಗ್ರಾಫ್ ಹಾಕಿ, ಏನು ಗಮನಿಸಿದೆ ಅಂತ ನಾಲ್ಕು ಸಾಲು ಬರೆಯೋದು ಅಂತ ತೀರ್ಮಾನ ಆಯಿತು.

ಆಮೇಲೆ ಅಕ್ಕ ತೋರಿಸಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ಲಿಂಕ್ಡ್‌ಇನ್‌ನಲ್ಲೇ ಕಾಲೇಜಿನ ಪುಟಕ್ಕೆ ಹೋಗಿ 'ಅಲುಮ್ನಿ' ಒತ್ತಿದರೆ ಅಲ್ಲಿ ಓದಿದವರು ಈಗ ಯಾವ ಊರಲ್ಲಿದ್ದಾರೆ, ಎಲ್ಲಿ, ಏನು ಕೆಲಸ ಮಾಡುತ್ತಿದ್ದಾರೆ ಅಂತ ಬೇರೆ ಬೇರೆಯಾಗಿ ಸಿಗುತ್ತದೆ. ಸ್ಟ್ಯಾಟಿಸ್ಟಿಕ್ಸ್ ಓದಿದವರು ಬ್ಯಾಂಕಿನಲ್ಲಿದ್ದಾರೆ, ಔಷಧಿ ಕಂಪನಿಗಳಲ್ಲಿದ್ದಾರೆ, ವಿಮೆಯಲ್ಲಿದ್ದಾರೆ. ಮಳೆಯ ಲೆಕ್ಕ ವಿಮೆಯವರಿಗೆ ಬೇಕೇ ಬೇಕು ಅಲ್ವಾ? ನನ್ನ ತಲೆಗೆ ಈ ದಾರಿ ಹೊಳೆದದ್ದೇ ಆ ಪಟ್ಟಿ ನೋಡಿದ ಮೇಲೆ.

ಆದರೆ ಗುರುತು ಪರಿಚಯ ಇಲ್ಲದವರಿಗೆ ಬರೆಯಲು ಕೈ ಓಡಲಿಲ್ಲ. ಅವರು ಯಾಕೆ ಉತ್ತರ ಕೊಡಬೇಕು? ಅಕ್ಕ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಗ್ಗೆ ಹೇಳಿದಳು. ಕೆಲಸದ ಸುದ್ದಿ ಆಪ್ತರಿಗಿಂತ ಅಪರೂಪಕ್ಕೆ ಸಿಗುವ ಪರಿಚಯದವರಿಂದ ಹೆಚ್ಚಾಗಿ ಬರುತ್ತದೆ ಅಂತ ಅವರು 1973ರಲ್ಲೇ ಬರೆದಿದ್ದರು. ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ದೂರದವರು ಓಡಾಡುವ ಜಾಗವೇ ಬೇರೆ. 2022ರಲ್ಲಿ ಪ್ರಕಟವಾದ, ಲಿಂಕ್ಡ್‌ಇನ್‌ನ 2 ಕೋಟಿ ಜನರ ಮೇಲೆ ನಡೆದ ಅಧ್ಯಯನ ಕೂಡ ದೂರದ ಪರಿಚಯ ಹೊಸ ಕೆಲಸಕ್ಕೆ ನೆರವಾಗುತ್ತದೆ ಅಂತಲೇ ಹೇಳಿತು. ತೀರಾ ದೂರವೂ ಅಲ್ಲ, ತೀರಾ ಹತ್ತಿರವೂ ಅಲ್ಲ, ಸ್ವಲ್ಪ ದೂರ ಇರುವವರೇ ಜಾಸ್ತಿ ಉಪಯೋಗ ಅಂತೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದರೆ ಅಪ್ಪನಿಗೆ ಏನೂ ಆಶ್ಚರ್ಯ ಆಗಲಿಲ್ಲ. ಅವರು ಕುಂದಾಪುರದಿಂದ ಬಂದು ಮಾಟುಂಗಾದ ಹೋಟೆಲಲ್ಲಿ ಕೆಲಸ ಮಾಡುತ್ತಾ, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. "ಆಫೀಸ್ ಕೆಲಸ ಇದೆ ಅಂತ ಹೇಳಿದ್ದು ನೆಂಟರಲ್ಲ ಮಗಾ. ಅವರೆಲ್ಲ ಹೋಟೆಲಲ್ಲೇ ಇದ್ದರು. ದಿನಾ ಕಾಫಿಗೆ ಬರುತ್ತಿದ್ದ ಒಬ್ಬ ಗುಮಾಸ್ತರು ಹೇಳಿದ್ದು" ಅಂದರು. ಆ ಗುಮಾಸ್ತರ ಹತ್ತಿರ ಅಪ್ಪ ಕೆಲಸ ಕೇಳಿಯೇ ಇರಲಿಲ್ಲವಂತೆ. ಟೈಪಿಂಗ್ ಎಲ್ಲಿ ಕಲಿಯಬಹುದು ಅಂತ ಮಾತ್ರ ಕೇಳಿದ್ದರಂತೆ. ಎಷ್ಟೋ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇಂಥದ್ದೊಂದು ಕಥೆ ಇರುತ್ತದೆ. ನನಗೆ ಅಪ್ಪನ ಮೇಲೆ ತುಂಬಾ ಹೆಮ್ಮೆ ಅನ್ನಿಸಿತು.

ಅಕ್ಕನೂ ಅದನ್ನೇ ಹೇಳಿದ್ದಳು. ಕೆಲಸ ಕೇಳಬೇಡ, ಪ್ರಶ್ನೆ ಕೇಳು. ವಿಮೆ ಕಂಪನಿಯಲ್ಲಿರುವ ಒಬ್ಬ ಹಿರಿಯ ವಿದ್ಯಾರ್ಥಿನಿಗೆ ಊಟ ಆದ ಮೇಲೆ ಬರೆದೆ. ಬರೆದದ್ದು ಇಂಗ್ಲಿಷಿನಲ್ಲಿ, ಅದರ ಸಾರ ಇಷ್ಟು: "ನಮಸ್ಕಾರ ಮೇಡಂ. ನೀವು ಓದಿದ ವಿಭಾಗದಲ್ಲೇ ಓದುತ್ತಿದ್ದೇನೆ. ಮುಂಬಯಿ ಮಳೆಯ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ವಿಮೆಯಲ್ಲಿ ಇಂಥ ಅಂಕಿ ಹೇಗೆ ಬಳಸುತ್ತಾರೆ ಅಂತ ತಿಳಿಯಬೇಕಿತ್ತು. 15 ನಿಮಿಷ ಸಿಗಬಹುದೇ?" ಸುಮ್ನೆ 'ಕನೆಕ್ಟ್' ಒತ್ತುವುದಕ್ಕಿಂತ ಇದಕ್ಕೆ ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಎದುರಿನವರೂ ಬಿಡುವು ಮಾಡಿಕೊಂಡೇ ಓದಬೇಕಲ್ಲ.

ಫೋನ್ ನಂಬರ್, ಹುಟ್ಟಿದ ದಿನ ಎಲ್ಲರಿಗೂ ಕಾಣದ ಹಾಗೆ ಮಾಡಿದೆವು. ಕೆಲಸ ಕೊಡಿಸ್ತೀವಿ, ನೋಂದಣಿಗೆ ದುಡ್ಡು ಕಳಿಸಿ ಅಂತ ಯಾರೇ ಬರೆದರೂ ಅದು ಮೋಸ, ಮಾತು ಮುಂದುವರಿಸಲೇಬೇಡ ಅಂತ ಅಕ್ಕ ಗಟ್ಟಿಯಾಗಿ ಹೇಳಿದ್ದಾಳೆ. ಇದನ್ನು ಓದುವ ತಂಗಿ ತಮ್ಮಂದಿರೂ ಗಮನಿಸಿ.

ಉತ್ತರ ಇನ್ನೂ ಬಂದಿಲ್ಲ. ವಾರಾಂತ್ಯದಲ್ಲಿ ಯಾರೂ ನೋಡಲಿಕ್ಕಿಲ್ಲ. ಒಂದು ವಾರ ಬಿಟ್ಟು ಒಮ್ಮೆ ನೆನಪಿಸುತ್ತೇನೆ, ಅಷ್ಟೇ. ಅಷ್ಟರಲ್ಲಿ ಔಷಧಿ ಕಂಪನಿಯಲ್ಲಿರುವ ಇನ್ನೊಬ್ಬರಿಗೆ ಬರೆಯಬೇಕು. ನಾಳೆ ಬೆಳಿಗ್ಗೆ ಗ್ರಾಫ್‌ನಲ್ಲಿ ಎರಡು ಕೇಂದ್ರಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಅಕ್ಕನಿಗೆ ತೋರಿಸಿ, ಪೋಸ್ಟ್ ಮಾಡುತ್ತೇನೆ.