ಒಂದು ಬೇನೆ, ಐದಾರು ಉಸಿರು

"ಹೆದರ್ಬೇಡಮ್ಮ, ಮೈ ಸಡಿಲ ಬಿಡು" ಎಂದು ಲೇಬರ್ ವಾರ್ಡಿನಲ್ಲಿ ನಾವೆಲ್ಲ ಹೇಳುತ್ತೇವೆ. ಗರ್ಭದ ಬಾಯಿ 7 ಸೆಂ.ಮೀ. ತೆರೆದವಳ ಕಿವಿಗೆ ಅದು ಬೀಳುತ್ತದೆ, ಮೈ ಕೇಳುವುದಿಲ್ಲ. ಹೆದರಿಕೆಯ ಹಾರ್ಮೋನ್ ಅಡ್ರಿನಲಿನ್ ಏರಿದರೆ, ಬೇನೆ ತರುವ ಹಾರ್ಮೋನ್ ಆಕ್ಸಿಟೋಸಿನ್ ಹಿಂಜರಿದು ಬೇನೆ ಕುಂಟುತ್ತದೆ. ಆದ್ದರಿಂದ ಮೈ ಸಡಿಲ ಬಿಡುವ, ನಿಧಾನವಾಗಿ ಉಸಿರಾಡುವ ಅಭ್ಯಾಸ ಏಳು ತಿಂಗಳು ತುಂಬಿದಾಗಿನಿಂದಲೇ ಶುರುವಾಗಲಿ. ದಿನಕ್ಕೆ 15 ನಿಮಿಷ ಸಾಕು.

ಎಡಮಗ್ಗುಲಾಗಿ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬು ಇಡಿ. ಅಂಗಾತ ಬೇಡ, ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುತ್ತದೆ. ಮುಷ್ಟಿ ಬಿಗಿದು 5 ಎಣಿಸಿ ಬಿಡುವುದು. ಹಾಗೆಯೇ ಭುಜ, ಹಣೆ, ದವಡೆ, ತೊಡೆ. ಪಾದದ ಬೆರಳನ್ನು ಮಾತ್ರ ಮುಂದಕ್ಕೆ ಚಾಚಿ ಬಿಗಿಸಬೇಡಿ, ಮೀನಖಂಡ ಹಿಡಿದುಕೊಳ್ಳುತ್ತದೆ. ಕೆಲವು ವಾರದ ನಂತರ ಬಿಗಿಯುವುದನ್ನು ಕೈಬಿಟ್ಟು ಬರೀ ಸಡಿಲ ಬಿಡುವುದನ್ನು ಮಾಡಿಸಿ. ನೋಡಬೇಕಾದದ್ದು ದವಡೆ: ಹಲ್ಲು ಕಚ್ಚಿದ್ದರೆ ಉಳಿದ ಮೈಯೂ ಬಿಗಿದಿರುತ್ತದೆ.

ಉಸಿರು ಮೂಗಿನಿಂದ 4 ಎಣಿಸುವಷ್ಟು ಒಳಗೆ, ಬಾಯಿಂದ 6–7 ಎಣಿಸುವಷ್ಟು ಹೊರಗೆ. ಒಂದು ನಿಮಿಷದ ಬೇನೆ ಎಂದರೆ ಇಂಥ ಐದಾರು ಉಸಿರು. ಮೂರನೆಯದಕ್ಕೆ ನೋವು ತುದಿ ಮುಟ್ಟಿ ಇಳಿಯತೊಡಗುತ್ತದೆ. ಕೊನೆಯಿಲ್ಲವೆನಿಸುವ ನೋವಿಗೆ ಹೀಗೆ ಒಂದು ಲೆಕ್ಕ ಸಿಗುವುದೇ ದೊಡ್ಡ ಧೈರ್ಯ. ಬೆರಳು ಜುಮುಗುಟ್ಟಿ ತುಟಿ ಮರಗಟ್ಟಿದರೆ ಉಸಿರಾಟ ತೀರಾ ವೇಗವಾಗಿದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿದೆ ಎಂದರ್ಥ. ಆಗ "ಜೋರಾಗಿ ಉಸಿರೆಳ್ಕೊ" ಎಂದರೆ ಇನ್ನಷ್ಟು ಕೆಡುತ್ತದೆ. ನಿಧಾನವಾಗಿ ಹೊರಬಿಡುವುದನ್ನು ನೀವೇ ಎದುರು ನಿಂತು ಮಾಡಿ ತೋರಿಸಿ.

ಜೊತೆಗಿರುವ ತಾಯಿಗೋ ಅತ್ತೆಗೋ ಇದನ್ನು ಮೊದಲೇ ಕಲಿಸಿ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಸೇವೆ ಸುಧಾರಿಸಲು ಕೇಂದ್ರ ಸರ್ಕಾರ ತಂದ 2017ರ ಲಕ್ಷ್ಯ ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಜೊತೆಗಾತಿಗೆ ಜಾಗ ಕೊಟ್ಟಿದೆ. ಮನೆಯ ಅಭ್ಯಾಸದಲ್ಲಿ ಭುಜದ ಮೇಲೆ ಹೇಗೆ ಕೈಯಿಡುತ್ತಿದ್ದರೋ ಇಲ್ಲೂ ಹಾಗೆಯೇ ಇಡಲಿ. ಸುತ್ತ ನಾಲ್ಕು ಜನ ನಾಲ್ಕು ಮಾತು ಹೇಳುವುದು ಬೇಡ.

8 ಸೆಂ.ಮೀ. ದಾಟಿದ ಮೇಲೆ "ನನ್ ಕೈಲಾಗಲ್ಲ" ಎನ್ನುತ್ತಾಳೆ. ಕಣ್ಣು ಮುಚ್ಚಿಸುವುದು, ಎಣಿಕೆ ಎಲ್ಲ ಬಿಟ್ಟುಬಿಡಿ. ಮುಖ ನೋಡಿಸಿ, ಒಂದೊಂದೇ ಉಸಿರು ದಾಟಿಸಿ.

ನೋವೇ ಇರುವುದಿಲ್ಲವೆಂದು ಯಾರಿಗೂ ಮಾತು ಕೊಡಬೇಡಿ. ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಚುಚ್ಚುಮದ್ದು) ಕೇಳಿದವಳು ಸೋತವಳಲ್ಲ. ಒಂದು ಬೇನೆ ಮುಗಿದು ಇನ್ನೊಂದು ಬರುವ ನಡುವೆಯೂ ಹೊಟ್ಟೆ ಗಟ್ಟಿಯಾಗಿಯೇ ಇದ್ದರೆ, ರಕ್ತ ಹರಿದರೆ, ಮಗುವಿನ ಎದೆಬಡಿತ ನಿಮಿಷಕ್ಕೆ 110ಕ್ಕಿಂತ ಕೆಳಗೇ ನಿಂತರೆ ಅಥವಾ 160 ಮೀರಿಯೇ ಇದ್ದರೆ ಉಸಿರಿನ ಪಾಠ ನಿಲ್ಲಿಸಿ, ತಕ್ಷಣ ಡಾಕ್ಟರನ್ನು ಕರೆಯಿರಿ.