ಅಂಕಣದ ಬಿರುಕು ಮತ್ತು ನೀರಿನ ದಾರಿ

ಶಿರಸಿಯ ನಮ್ಮ ಬಡಾವಣೆಯ ವಾಲಿಬಾಲ್ ಅಂಕಣದಲ್ಲಿ ಮೂಲೆಯಿಂದ ನಡುಗೆರೆಯವರೆಗೆ ಹರಿದಿರುವ ಬಿರುಕು ಹೊಸದೇನಲ್ಲ. ಹಿಂದಿನ ವರ್ಷ ಗುತ್ತಿಗೆದಾರರೊಬ್ಬರು ಅದಕ್ಕೆ ಸಿಮೆಂಟ್ ಹಾಲು ಸುರಿದು ಮೇಲೆ ಬಣ್ಣ ಬಳಿದು ಹೋಗಿದ್ದರು. ಜೂನ್ ಕಳೆಯುವಷ್ಟರಲ್ಲಿ ಅದು ಹಪ್ಪಳದಂತೆ ಎದ್ದು ಕೈಗೇ ಕಿತ್ತು ಬರುತ್ತಿತ್ತು. ಮಕ್ಕಳು ಎಡವಿ ಬೀಳುವುದನ್ನು ನೋಡಲಾರದೆ ಈ ಸಲ ದುರಸ್ತಿಯ ಹೊಣೆಯನ್ನು ನಾವು ಕೆಲವರು ವಹಿಸಿಕೊಂಡೆವು.

ಬಿರುಕಿಗೆ ಕೈ ಹಾಕುವ ಮೊದಲು ಇಡೀ ಅಂಕಣವನ್ನು ಪೈಪಿನಿಂದ ತೋಯಿಸಿ, ಒಂದು ಗಂಟೆ ಕಾದು, ನೀರು ನಿಂತಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದೆವು. ಅಷ್ಟು ಹೊತ್ತಾದರೂ ಸುಮಾರು 2 ಮಿಲಿಮೀಟರಿಗಿಂತ ಹೆಚ್ಚು ನೀರು ಉಳಿದರೆ ಆ ತಗ್ಗನ್ನು ತುಂಬಲೇಬೇಕು. 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣದಲ್ಲಿ ಐದು ತಗ್ಗುಗಳು ಸಿಕ್ಕವು. ಎಲ್ಲಕ್ಕಿಂತ ದೊಡ್ಡದು ಬಿರುಕಿನ ಪಕ್ಕದಲ್ಲೇ ಇತ್ತು. ಅಲ್ಲಿ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದಿತು. ಅಂಚಿನ ಚರಂಡಿ ಅಕೇಶಿಯಾ ಎಲೆಗಳಿಂದ ಕಟ್ಟಿಕೊಂಡು, ಮಳೆನೀರು ಕಾಂಕ್ರೀಟಿನ ಅಡಿಗೆ ನುಗ್ಗಿ ಕೆಂಪು ಮಣ್ಣನ್ನು ಕೊಚ್ಚಿಕೊಂಡು ಹೋಗಿತ್ತು. ಅಡಿಪಾಯವೇ ಇಲ್ಲದ ಕಡೆ ಮೇಲೆ ಏನು ಬಳಿದರೂ ನಿಲ್ಲುವುದಿಲ್ಲ.

ಆದ್ದರಿಂದ ಮೊದಲು ಚರಂಡಿಯನ್ನು ಬಿಡಿಸಿದೆವು. ಟೊಳ್ಳಾದ ಭಾಗವನ್ನು ಚೌಕವಾಗಿ ಕತ್ತರಿಸಿ ತೆಗೆದು, ಜಲ್ಲಿ ತುಂಬಿ ದಮ್ಮಸು ಮಾಡಿ ಹೊಸ ಕಾಂಕ್ರೀಟ್ ಹಾಕಿಸಿ, ಒದ್ದೆ ಗೋಣಿಚೀಲ ಹೊದಿಸಿದೆವು. ಬಣ್ಣಕ್ಕೆ ಮೊದಲು 28 ದಿನ ಬಿಡುವುದು ಕ್ಷೇಮ. ಉಳಿದ ಬಿರುಕನ್ನು ಸ್ವಲ್ಪ ಅಗಲ ಮಾಡಿ, ಹಾವಸೆಯನ್ನು ತಂತಿಯ ಬ್ರಷ್‌ನಿಂದ ಕೆರೆದು, ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್ ಫಿಲ್ಲರ್ ತುಂಬಿದೆವು. ಕಾಂಕ್ರೀಟ್ ಹಗಲಿನ ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುವುದರಿಂದ, ಬಾಗಲು ಬಾರದ ಬರೀ ಸಿಮೆಂಟ್ ಅಲ್ಲಿ ಮತ್ತೆ ಸೀಳುತ್ತದೆ. ಕಾರವಾರ, ಅಂಕೋಲೆಯ ಕಡಲಂಚಿನಲ್ಲಾದರೆ ಉಪ್ಪುಗಾಳಿಗೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆಯುವುದುಂಟು. ಅಂಥಲ್ಲಿ ಸರಳಿನ ತುಕ್ಕು ತೆಗೆಯದೆ ಬಿರುಕು ಮುಚ್ಚಬಾರದು.

ತಗ್ಗುಗಳಿಗೆ ಅಕ್ರಿಲಿಕ್ ದ್ರವ, ಸಿಮೆಂಟ್ ಮತ್ತು ಸಣ್ಣ ಮರಳಿನ ಗಾರೆಯನ್ನು ತೆಳು ಪದರಗಳಾಗಿ ಹಾಕಿ, ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯಿಂದ ಎಳೆದು ಸಮ ಮಾಡಿದೆವು. ಮೀಟರಿಗೆ ಸುಮಾರು 1 ಸೆಂಟಿಮೀಟರ್ ಇಳಿಜಾರು ಒಂದೇ ಬದಿಗೆ ಇರುವಂತೆ ನೋಡಿಕೊಂಡೆವು.

ಕಳೆದ ಭಾನುವಾರ ಮತ್ತೆ ನೀರು ಹಾಯಿಸಿದಾಗ ನಾಲ್ಕು ಕಡೆ ನೀರು ನಿಲ್ಲಲಿಲ್ಲ. ಸರ್ವಿಸ್ ಮಾಡುವ ಮೂಲೆಯ ತಗ್ಗಿಗೆ ಇನ್ನೊಂದು ಪದರ ಬೇಕಾಗಿದೆ. ಅದನ್ನು ಮೇ ಮುಗಿಯುವುದರೊಳಗೆ ಹಾಕಲಿದ್ದೇವೆ.